ನಿರಾಕರಣೆಗೂ ಕಾರಣ ಕೇಳುವ ಹಕ್ಕು

ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿ ಸೇರಿದ ಬೀದರ್ ಸೀಮೆಗೆ ನೆಲೆ ತಪ್ಪುವ ಸಂಕಟ ಹೊಸದಲ್ಲ. 1948ರಲ್ಲಿ ನಿಜಾಮನ ಪರ ನಿಂತ ರಜಾಕಾರ ಪಡೆಯ ಹಾವಳಿಗೆ ಹೆದರಿದವರು ನಿಜಾಮನ ಗಡಿ ದಾಟಿ ಸೊಲ್ಲಾಪುರದ ಕಡೆ ನಡೆದರು. ಸೆಪ್ಟೆಂಬರ್‌ನ ಭಾರತ ಸರ್ಕಾರದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ನಡೆದ ಹಿಂಸೆಯಲ್ಲಿ ಮುಸ್ಲಿಂ ಕುಟುಂಬಗಳೂ ಮನೆಮಠ ಕಳೆದುಕೊಂಡವು. ಸರ್ಕಾರ ‘ಆಗದು’ ಎಂದರೆ ಏಕೆಂದು ಕೇಳುವ ಮೂಲಭೂತ ಹಕ್ಕು ಆಗ ಯಾರಿಗೂ ಇರಲಿಲ್ಲ.

ಆ ಹಕ್ಕು ಬಂದದ್ದು 1950ರ ಜನವರಿ 26ರಂದು. ಸಂವಿಧಾನದ 226ನೇ ವಿಧಿ ಸರ್ಕಾರಿ ಆದೇಶಗಳನ್ನು ಹೈಕೋರ್ಟ್ ಮುಂದೆ ರಿಟ್ ಮೂಲಕ ಪ್ರಶ್ನಿಸಲು ದಾರಿ ತೆರೆಯಿತು. ಸಮಾನತೆ ಮತ್ತು ಜೀವದ ಹಕ್ಕು ಕೊಡುವ 14 ಮತ್ತು 21ನೇ ವಿಧಿಗಳ ರಕ್ಷಣೆ ಪರದೇಶಿಯರಿಗೂ ದಕ್ಕಿತು. ಹಾಗೆಂದು ದಾರಿ ಸಲೀಸಾಗಿರಲಿಲ್ಲ. ವಿದೇಶಿಯರನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲ ಎಂದು ಹ್ಯಾನ್ಸ್ ಮುಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1955ರಲ್ಲೇ ಹೇಳಿತ್ತು. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಇಂದಿಗೂ ಸಹಿ ಹಾಕಿಲ್ಲ. 1996ರ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಮಾತ್ರ, ನೆಲೆ ಅರಸಿ ಬಂದವರ ಜೀವ ಕಾಯುವುದು ರಾಜ್ಯದ ಹೊಣೆ ಎಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು.

ಕರ್ನಾಟಕದಲ್ಲಿ ಈ ಕಥೆ ಟಿಬೆಟನ್ನರದು. ಬೈಲಕುಪ್ಪೆಯ ಕಾಡಂಚಿನಲ್ಲಿ ಅವರಿಗೆ ಜಾಗ ಸಿಕ್ಕಿತು; 1966ರಲ್ಲಿ ಮುಂಡಗೋಡ ಶಿಬಿರ ಶುರುವಾಯಿತು. ಅವರು ಕಾಡು ಕಡಿದು ಮೆಕ್ಕೆಜೋಳ ಬೆಳೆದರು, ಮಠ ಕಟ್ಟಿದರು, ಇಲ್ಲೇ ಮಕ್ಕಳನ್ನು ಹೆತ್ತರು. ಇಲ್ಲೇ ಹುಟ್ಟಿದ ಮಕ್ಕಳೂ ಕಾಗದದ ಮೇಲೆ ವಿದೇಶಿಯರಾಗಿಯೇ ಉಳಿದರು. ವಾಸಕ್ಕೆ ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ರಟ್ಟಿನ ಗುರುತಿನ ಪುಸ್ತಕ.

1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು, ಹೆತ್ತವರು ಯಾವ ದೇಶದವರಾದರೂ, ಜನ್ಮತಃ ಪ್ರಜೆಗಳು ಎನ್ನುತ್ತದೆ ಪೌರತ್ವ ಕಾಯ್ದೆ. ಆದರೂ ಇಲ್ಲಿ ಹುಟ್ಟಿದ ಟಿಬೆಟನ್ನರಿಗೆ ಪಾಸ್‌ಪೋರ್ಟ್ ಕೊಡಲು ಕಚೇರಿಗಳು ಒಪ್ಪಲಿಲ್ಲ. 2010ರ ಡಿಸೆಂಬರ್‌ನಲ್ಲಿ ನಮ್‌ಗ್ಯಾಲ್ ಡೋಲ್ಕರ್ ಎಂಬ ಟಿಬೆಟನ್ ಮಹಿಳೆಯ ಪರ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು. 2013ರ ಆಗಸ್ಟ್‌ನಲ್ಲಿ ಲಿಂಗ್ ರಿನ್‌ಪೊಚೆ ಎಂಬ ಟಿಬೆಟನ್ ಗುರುವಿನ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆ ತೀರ್ಪಿನ ಬಲದಿಂದ 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ದೆಹಲಿ ಹೈಕೋರ್ಟಿನ ಇನ್ನೊಂದು ತೀರ್ಪಿನ ನಂತರ, 2017ರಲ್ಲಿ, ಪಾಸ್‌ಪೋರ್ಟ್ ಕಚೇರಿಗಳಿಗೂ ಆದೇಶ ಹೋಯಿತು.

ಇಂಥ ಪ್ರಕರಣಗಳಲ್ಲಿ ನ್ಯಾಯಾಲಯ ಅಧಿಕಾರಿಯ ಕುರ್ಚಿಯಲ್ಲಿ ಕೂರುವುದಿಲ್ಲ. ಕಾನೂನು ಪಾಲನೆಯಾಯಿತೇ, ಅರ್ಜಿದಾರರ ಅಹವಾಲು ಕೇಳಲಾಯಿತೇ, ಕೊಟ್ಟ ಕಾರಣ ನಿಲ್ಲುತ್ತದೆಯೇ ಎಂಬುದನ್ನಷ್ಟೇ ನೋಡುತ್ತದೆ. ತಪ್ಪಿದ್ದರೆ ಆದೇಶ ರದ್ದಾಗಿ, ಅರ್ಜಿ ಸಾಮಾನ್ಯವಾಗಿ ಮರುಪರಿಶೀಲನೆಗೆ ಹೋಗುತ್ತದೆ. ಹೊರದೇಶಗಳಲ್ಲೂ ಹೀಗೇ: ಆಶ್ರಯ ನಿರಾಕರಿಸುವ ಮುನ್ನ ಎದುರು ಕೂರಿಸಿ ಮಾತು ಕೇಳಬೇಕೆಂದು ಕೆನಡಾದ ಸುಪ್ರೀಂ ಕೋರ್ಟ್ 1985ರಲ್ಲಿ ತೀರ್ಪಿತ್ತಿತು. ಆ ಅರ್ಜಿದಾರರಲ್ಲಿ ನಮ್ಮ ದೇಶದ ಸಿಖ್ಖರೂ ಇದ್ದರು. ಆಸ್ಟ್ರೇಲಿಯಾದಲ್ಲಿ ರಕ್ಷಣಾ ವೀಸಾ ನಿರಾಕರಣೆಯನ್ನು ಕೋರ್ಟಿನಿಂದ ಪೂರಾ ದೂರವಿಡುವ ಪ್ರಯತ್ನವನ್ನು ಅಲ್ಲಿನ ಹೈಕೋರ್ಟ್ 2003ರಲ್ಲಿ ತಡೆಯಿತು.

ಒಂದು ಕಾಲಕ್ಕೆ ರಿಟ್ ಹಾಕಲು ದುಬಲಗುಂಡಿಯವರು ಬೆಂಗಳೂರಿಗೇ ಹೋಗಬೇಕಿತ್ತು. 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಕೋರ್ಟು ಹತ್ತಿರ ಬಂದರೆ ಹಕ್ಕಿಗೆ ಜೀವ ಬರುತ್ತದೆಂದು ನಮ್ಮ ಭಾಗದವರಿಗೆ ಬೇರೆಯವರು ಹೇಳಬೇಕಿಲ್ಲ. ಆಶ್ರಯ ಕೇಳಿ ಬಂದವರಿಗೂ ಅದೇ ಹತ್ತಿರದ ಬಾಗಿಲು ಬೇಕು: ಲಿಖಿತ ಕಾರಣ, ಎದುರು ವಿಚಾರಣೆ, ಮೇಲ್ಮನವಿಗೆ ಸಮಯ ಕೊಡುವ ನಿರಾಶ್ರಿತರ ಕಾಯ್ದೆಯೊಂದು ಈ ದೇಶದಲ್ಲಿ ಆಗಲೇಬೇಕು.