ಕಂಪನಿ ಬಾಗಿಲು ಹಾಕಿದೆ, ಗಾಡಿ ಚೆನ್ನಾಗಿದೆ: ಹಳೇ ಎಕೋಸ್ಪೋರ್ಟ್ ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ಸಾಮಾನ್ಯವಾಗಿ ನಾನಿಲ್ಲಿ ಜೀವಾಮೃತ, ಮಲ್ಚಿಂಗ್, ತರಕಾರಿ ಮಾರಾಟ ಅಂತ ಬರೀತೀನಿ. ಈ ವಾರ ಕಾರಿನ ವಿಷಯ. ಕಾರಣ ಇದೆ. ತೋಟ ನೋಡಲು ಬರುವ ಹುಡುಗರು ಬೆಳೆ ನೋಡಿ ಮುಗಿಸಿ, ಹೊರಡುವಾಗ ಶೆಡ್ಡಿನಲ್ಲಿ ನಿಂತ ನನ್ನ ಗಾಡಿ ಸುತ್ತ ಒಂದು ರೌಂಡ್ ಹಾಕ್ತಾರೆ. ಆಮೇಲೆ ಕೇಳ್ತಾರೆ: "ಅಣ್ಣ, ನಂಗೂ ಒಂದು ಎಕೋಸ್ಪೋರ್ಟ್ ಐದು ಲಕ್ಷಕ್ಕೆ ಸಿಗ್ತಾ ಇದೆ. ಫೋರ್ಡ್ ಕಂಪನಿನೇ ಇಲ್ವಲ್ಲ, ತಗೋಬಹುದಾ?"

ಇದನ್ನು ಬರೀ ಶೋಕಿ ಅಂತ ತಳ್ಳಿಹಾಕೋಕೆ ಆಗಲ್ಲ. ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು, ಸಸಿ ತರಲು, ವಾರಕ್ಕೊಮ್ಮೆ ಬೆಂಗಳೂರಿನ ಗ್ರಾಹಕರನ್ನು ಕಾಣಲು ಮನೆಗೆ ಇರೋದು ಒಂದೇ ಗಾಡಿ. ಹೆಣ್ಣು ನೋಡಲು ಹೋದರೂ ಮೊದಲು ಕೇಳೋದು "ಕಾರಿದೆಯಾ?" ಅಂತಲೇ. ಇನ್ನೊಂದು ಕಡೆ, ಆ ಐದು ಲಕ್ಷ ಅಂದ್ರೆ ಎರಡು ಮೂರು ಬೆಳೆಯ ಉಳಿತಾಯ. ಅದೇ ದುಡ್ಡಿಗೆ ಡ್ರಿಪ್ ಕೂಡ ಆಗುತ್ತೆ, ನೆರಳು ಮನೆ ಕೂಡ ಆಗುತ್ತೆ.

ನಾನು ತಿಪಟೂರು ತಾಲ್ಲೂಕಿನವನು. ಎರಡು ವರ್ಷದ ಹಿಂದೆ 2018ರ ಡೀಸೆಲ್ ಎಕೋಸ್ಪೋರ್ಟ್ ತಗೊಂಡೆ. ಇಲ್ಲಿಯವರೆಗೆ 38 ಸಾವಿರ ಕಿ.ಮೀ. ಓಡಿಸಿದ್ದೀನಿ. ಅದರ ಲೆಕ್ಕವನ್ನೇ ನಿಮ್ಮ ಮುಂದೆ ಇಡ್ತೀನಿ.

ಅಗ್ಗ ಯಾಕೆ?

ಎಕೋಸ್ಪೋರ್ಟ್ ಭಾರತಕ್ಕೆ ಬಂದಿದ್ದು 2013ರ ಜೂನ್‌ನಲ್ಲಿ. ನಾಲ್ಕು ಮೀಟರ್‌ಗಿಂತ ಕಡಿಮೆ ಉದ್ದ, 200 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, ಗಟ್ಟಿ ಬಾಡಿ. ತೋಟದ ದಾರಿಗೆ ಹೇಳಿ ಮಾಡಿಸಿದ ಹಾಗಿತ್ತು. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಗುಜರಾತಿನ ಸಾನಂದ್ ಕಾರ್ಖಾನೆ ಆಮೇಲೆ ಟಾಟಾ ಪಾಲಾಯಿತು. ಅಲ್ಲಿಂದ ಸೆಕೆಂಡ್ ಹ್ಯಾಂಡ್ ಬೆಲೆ ಇಳಿಯಿತು. ಗಾಡಿ ಕೆಟ್ಟಿದ್ದಕ್ಕಲ್ಲ, ಜನ ಹೆದರಿದ್ದಕ್ಕೆ. ನಾನು ಹುಡುಕುವಾಗ ಅದೇ ವರ್ಷದ ಡೀಸೆಲ್ ಬ್ರೆಝಾಗೆ 6.8 ಲಕ್ಷ ಹೇಳ್ತಿದ್ರು. ನನ್ನ ಗಾಡಿ 5.1 ಲಕ್ಷಕ್ಕೆ ಮುಗೀತು. ವ್ಯತ್ಯಾಸ 1.7 ಲಕ್ಷ.

ಆ ಹೆದರಿಕೆಯಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಅಂತ ಬಿಡಿಸಿ ನೋಡಿದವನಿಗೆ ಮಾತ್ರ ಆ ವ್ಯತ್ಯಾಸ ಲಾಭ.

ಒಂದು ಎಚ್ಚರಿಕೆ. "ಫೋರ್ಡ್ ವಾಪಸ್ ಬರ್ತಿದೆ, ರೇಟು ಏರುತ್ತೆ" ಅಂತ ಮಾರುವವರು ಹೇಳ್ತಾರೆ. 2024ರಲ್ಲಿ ಫೋರ್ಡ್ ಹೇಳಿದ್ದು ಚೆನ್ನೈ ಕಾರ್ಖಾನೆಯನ್ನು ರಫ್ತಿಗಾಗಿ ಬಳಸ್ತೀವಿ ಅಂತ. ಅದನ್ನು ನಂಬಿ ಹೆಚ್ಚಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಸವೆಯೋದು, ಒಡೆಯೋದು, ತಲೆ ಕೆಡೋದು

ಎಲ್ಲರೂ "ಸ್ಪೇರ್ ಸಿಗುತ್ತಾ?" ಅಂತ ಕೇಳ್ತಾರೆ. ಯಾವ ಸ್ಪೇರ್ ಅನ್ನೋದು ಮುಖ್ಯ. ಮೂರು ಗುಂಪು ಮಾಡಿಕೊಳ್ಳಿ.

ಮೊದಲನೆಯದು ಸವೆಯುವ ಸಾಮಾನು. ಬ್ರೇಕ್ ಪ್ಯಾಡ್, ಫಿಲ್ಟರ್, ಕ್ಲಚ್ ಪ್ಲೇಟ್, ಬೇರಿಂಗ್, ಬೆಲ್ಟ್, ಬುಷ್. ಇವನ್ನು ಕಾರು ಕಂಪನಿಗಿಂತ ಹೆಚ್ಚಾಗಿ ಬಿಡಿಭಾಗದ ಕಂಪನಿಗಳೇ ಮಾಡೋದು. ಎಕೋಸ್ಪೋರ್ಟ್‌ನ 1.5 ಡೀಸೆಲ್ ಇಂಜಿನ್ನೇ ಫಿಗೋ, ಆಸ್ಪೈರ್, ಫ್ರೀಸ್ಟೈಲ್‌ನಲ್ಲೂ ಇದೆ. ರಸ್ತೆ ಮೇಲೆ ಅಷ್ಟೊಂದು ಗಾಡಿ ಓಡ್ತಿರುವಾಗ ಈ ಸಾಮಾನು ಮಾಡುವವರು ನಿಲ್ಲಿಸಲ್ಲ. ಇಲ್ಲಿ ಹೆದರಿಕೆ ಬೇಡ.

ಎರಡನೆಯದು ಒಡೆಯುವ ಸಾಮಾನು. ಹೆಡ್‌ಲೈಟ್, ಬಂಪರ್, ಹಿಂದಿನ ಬಾಗಿಲ ಗಾಜು, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್. ಇವು ಆ ಮಾಡೆಲ್‌ಗೆ ಮಾತ್ರ ಹೊಂದೋದು. ಕಾದು ತರಿಸಬೇಕು, ಇಲ್ಲ ಗುಜರಿಯಲ್ಲಿ ಹುಡುಕಬೇಕು. ಕಳೆದ ವರ್ಷ ಸಂಜೆ ಹೊತ್ತು ಕಾಡುಹಂದಿ ಅಡ್ಡ ಬಂದು ನನ್ನ ಗಾಡಿಯ ಎಡಗಡೆ ಹೆಡ್‌ಲೈಟ್ ಪುಡಿಯಾಯ್ತು. ಹೊಸದಕ್ಕೆ ಆರ್ಡರ್ ಹಾಕಿ 23 ದಿನ ಕಾದರೂ ಬರಲಿಲ್ಲ. ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಳಸಿದ್ದೊಂದು 6,500 ರೂಪಾಯಿಗೆ ಸಿಕ್ತು. ಅಲ್ಲಿಯವರೆಗೆ ಹಗಲು ಮಾತ್ರ ಓಡಾಟ. ರಾತ್ರಿ ಕೆಲಸಕ್ಕೆ ಬಾಡಿಗೆ ಗಾಡಿ.

ಮೂರನೆಯದು ತಲೆ ಕೆಡುವ ಸಾಮಾನು. ಇಸಿಎಂ, ಸೆನ್ಸರ್, ಟಚ್ ಸ್ಕ್ರೀನ್, ಕೀಲಿಯ ಚಿಪ್. ಇಲ್ಲಿ ಸಾಮಾನಿಗಿಂತ ಸ್ಕ್ಯಾನರ್ ಹಾಕಿ ದೋಷ ಹಿಡಿಯುವ ಮನುಷ್ಯ ಮುಖ್ಯ.

ಬೇರೆ ಮುಚ್ಚಿದ ಬ್ರಾಂಡ್‌ಗಳಿಗೂ ಇದೇ ಲೆಕ್ಕ. ಫಿಯೆಟ್ ಹೆಸರಿನ ಕಾರುಗಳು ನಿಂತುಹೋದವು. ಆದರೆ ಅದರ 1.3 ಮಲ್ಟಿಜೆಟ್ ಡೀಸೆಲ್ ಇಂಜಿನ್ ಮಾರುತಿ ಸ್ವಿಫ್ಟ್, ಬ್ರೆಝಾದಲ್ಲೂ ಇತ್ತು. ಹಾಗಾಗಿ ಇಂಜಿನ್ ಕೆಲಸ ಗೊತ್ತಿರುವವರು ಪ್ರತಿ ಊರಲ್ಲೂ ಇದ್ದಾರೆ, ಕಷ್ಟ ಬಾಡಿ ಸಾಮಾನಿಗೆ ಮಾತ್ರ. ಡ್ಯಾಟ್ಸನ್ 2022ರಲ್ಲಿ ನಿಂತರೂ ಅದರ ಮಾಲೀಕ ಕಂಪನಿ ನಿಸ್ಸಾನ್ ಇಲ್ಲೇ ಇದೆ. ಷೆವರ್ಲೆ 2017ರ ಕೊನೆಗೇ ಮಾರಾಟ ನಿಲ್ಲಿಸಿತು. ಅದರಲ್ಲೂ ಹಳ್ಳಿ ಕಡೆ ಓಡಿದ ತವೇರಾ ಬೇರೆ, ಅಪರೂಪದ ಕ್ಯಾಪ್ಟಿವಾ ಬೇರೆ. ಕಡಿಮೆ ಮಾರಾಟವಾದ ಮಾಡೆಲ್ ಎಷ್ಟೇ ಅಗ್ಗಕ್ಕೆ ಬಂದರೂ ಮುಟ್ಟಬೇಡಿ.

ಯಾವ ಇಂಜಿನ್?

ಎಕೋಸ್ಪೋರ್ಟ್ ಅಂದ್ರೆ ಒಂದೇ ಗಾಡಿ ಅಲ್ಲ. ನಾನು ಮೂರು ನೋಡಿದೆ.

ಮೊದಲು ಸಿಕ್ಕಿದ್ದು 2014ರ ಪೆಟ್ರೋಲ್ ಆಟೋಮ್ಯಾಟಿಕ್. ಬಣ್ಣ ಮಿರಮಿರ, ರೇಟೂ ಕಡಿಮೆ. ನಮ್ಮ ಮೆಕ್ಯಾನಿಕ್ ಬಾನೆಟ್ ಕೂಡ ಎತ್ತಲಿಲ್ಲ. "ಬೇಡ ತಮ್ಮ, ಇದರ ಗೇರ್‌ಬಾಕ್ಸ್ ಕೈಕೊಟ್ರೆ ನೀನು ಉಳಿಸಿದ್ದೆಲ್ಲ ಅದಕ್ಕೇ ಹೋಗುತ್ತೆ" ಅಂದ. ಆ ಕಾಲದ ಪವರ್‌ಶಿಫ್ಟ್ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಹೊರದೇಶಗಳಲ್ಲೂ ದೂರು ಕಂಡದ್ದು. 2017ರ ಕೊನೆಯಲ್ಲಿ ಬಂದ ಹೊಸ ರೂಪದಲ್ಲಿ ಬೇರೆ ಬಗೆಯ ಆಟೋಮ್ಯಾಟಿಕ್ ಕೊಟ್ಟರು.

ಎರಡನೆಯದು 2020ರ ಬಿಎಸ್-6 ಡೀಸೆಲ್. ಹೊಸದರ ಹಾಗೇ ಇತ್ತು. ಆದರೆ ಬಿಎಸ್-6 ಡೀಸೆಲ್‌ನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತೆ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ತೋಟದಿಂದ ಪೇಟೆಗೆ ಏಳೆಂಟು ಕಿ.ಮೀ., ವಾಪಸ್ ಏಳೆಂಟು ಕಿ.ಮೀ. ಓಡಿಸುವವರಿಗೆ ಫಿಲ್ಟರ್ ಕಟ್ಟಿಕೊಳ್ಳುತ್ತೆ. ನನ್ನ ಓಡಾಟ ಹೆಚ್ಚಿನಂಶ ಅಂಥದ್ದೇ. ಬಿಟ್ಟೆ.

ಮೂರನೆಯದು ಈಗಿರುವುದು: 2018ರ ಬಿಎಸ್-4 ಡೀಸೆಲ್, ಮ್ಯಾನ್ಯುಯಲ್, ಒಬ್ಬರೇ ಮಾಲೀಕರು. ಕಂಪನಿ ಹೇಳಿದ ಮೈಲೇಜ್ ಲೀಟರಿಗೆ 23 ಕಿ.ಮೀ. ನನಗೆ ಬರೋದು 17ರಿಂದ 18.

ಪೆಟ್ರೋಲ್ ಬೇಕು ಅನ್ನುವವರಿಗೆ ಒಂದು ಮಾತು. 1.0 ಲೀಟರ್ ಇಕೋಬೂಸ್ಟ್, ಹಾಗೇ 2017ರ ನಂತರದ ಮೂರು ಸಿಲಿಂಡರಿನ 1.5 ಪೆಟ್ರೋಲ್, ಇವೆರಡರಲ್ಲೂ ಟೈಮಿಂಗ್ ಬೆಲ್ಟ್ ಇಂಜಿನ್ ಆಯಿಲ್‌ನಲ್ಲೇ ಮುಳುಗಿ ತಿರುಗುತ್ತೆ. ಸಿಕ್ಕಿದ ಆಯಿಲ್ ಹಾಕಿದ್ದರೆ ಬೆಲ್ಟ್ ಪುಡಿಪುಡಿಯಾಗಿ ಆಯಿಲ್ ದಾರಿ ಕಟ್ಟಿ, ಇಂಜಿನ್ನೇ ಹೋಗಬಹುದು. ಯಾವ ಆಯಿಲ್, ಯಾವಾಗ ಹಾಕಿದ್ದು ಅನ್ನುವ ಬಿಲ್ ಇಲ್ಲದಿದ್ದರೆ ತಗೋಬೇಡಿ. ಡೀಸೆಲ್‌ಗೂ ಟೈಮಿಂಗ್ ಬೆಲ್ಟ್ ಇದೆ. ಬದಲಿಸಿದ ಬಿಲ್ ಇಲ್ಲ ಅಂದ್ರೆ, ಬದಲಿಸಿಲ್ಲ ಅಂತಲೇ ತಿಳಿದು ಆ ಖರ್ಚನ್ನು ರೇಟಿನಲ್ಲಿ ಕಳೆಯಿರಿ.

ಮೊದಲು ಮೆಕ್ಯಾನಿಕ್, ಆಮೇಲೆ ಗಾಡಿ

ನರ್ಸರಿಯಲ್ಲಿ ಸಸಿ ತಗೊಳ್ಳುವಾಗ ಎಲೆಯ ಹಸಿರಿಗೆ ಮರುಳಾಗಬೇಡಿ, ಬೇರು ನೋಡಿ ಅಂತ ನಾವು ಹೇಳ್ತೀವಲ್ಲ, ಇಂಥ ಗಾಡಿಯ ಬೇರು ಇರೋದು ನಿಮ್ಮೂರಿನ ಗ್ಯಾರೇಜಿನಲ್ಲಿ. ಅಧಿಕೃತ ಸರ್ವಿಸ್ ಸೆಂಟರ್ ನನಗೆ ಎರಡು ಗಂಟೆ ದಾರಿ. ಹಾಗಾಗಿ ಗಾಡಿ ಹುಡುಕುವ ಮೊದಲು 30 ಕಿ.ಮೀ. ಒಳಗಿನ ನಾಲ್ಕು ಗ್ಯಾರೇಜಿಗೆ ಹೋಗಿ ಮೂರೇ ಪ್ರಶ್ನೆ ಕೇಳಿದೆ. ಈಗ ನಿಮ್ಮ ಹತ್ರ ಎಷ್ಟು ಫೋರ್ಡ್ ಗಾಡಿ ರೆಗ್ಯುಲರ್ ಆಗಿ ಬರ್ತಾವೆ? ಸ್ಕ್ಯಾನರ್ ಇದೆಯಾ? ಸಾಮಾನು ಎಲ್ಲಿಂದ ತರಿಸ್ತೀರಿ? ಮೂವರು "ಬನ್ನಿ ಸಾರ್, ನೋಡಣ" ಅಂದ್ರು. ನಾಲ್ಕನೆಯವನು ಉತ್ತರ ಹೇಳದೆ, ಅಂಗಳದಲ್ಲಿ ನಿಂತಿದ್ದ ಎರಡು ಫಿಗೋ ತೋರಿಸಿದ. ಗಾಡಿ ತಗೋಬಹುದು ಅಂತ ಅವತ್ತೇ ಧೈರ್ಯ ಬಂತು. ನಿಮಗೆ ಅಂಥವರು ಯಾರೂ ಸಿಗದಿದ್ದರೆ ಮುಂದಿನದನ್ನು ಓದುವ ಅಗತ್ಯವೇ ಇಲ್ಲ, ಬೇರೆ ಬ್ರಾಂಡ್ ನೋಡಿ.

ಫೋನಿನಲ್ಲೇ ಆಗುವ ತಪಾಸಣೆ

ಎಂ-ಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹಾಕಿ. ಎಷ್ಟನೇ ಮಾಲೀಕರು, ಸಾಲ ಬಾಕಿ ಇದೆಯಾ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ ನೋಡಿ. ಇ-ಚಲನ್ ಬಾಕಿಯನ್ನೂ ನೋಡಿ.

ಬ್ಲೂಟೂತ್ ಇರುವ ಒಬಿಡಿ ಅಡಾಪ್ಟರ್ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೇ ಸಿಗುತ್ತೆ. ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚಿ, ಫೋರ್‌ಸ್ಕ್ಯಾನ್ ಲೈಟ್‌ನಂಥ ಆಪ್‌ನಿಂದ ದೋಷದ ಕೋಡ್ ಓದಬಹುದು. ಮಾರುವವರು ಅವತ್ತು ಬೆಳಿಗ್ಗೆಯೇ ಕೋಡ್ ಅಳಿಸಿದ್ದರೆ "ರೆಡಿನೆಸ್" ಪಟ್ಟಿಯಲ್ಲಿ ಹಲವು ಪರೀಕ್ಷೆ ಪೂರ್ತಿಯಾಗಿಲ್ಲ ಅಂತ ತೋರಿಸುತ್ತೆ. ಬ್ಯಾಟರಿ ಬಿಚ್ಚಿದ್ದರೂ ಹಾಗೇ ಬರುತ್ತೆ. ಎರಡು ದಿನ ಓಡಿಸಿ ಮತ್ತೆ ತೋರಿಸಿ ಅಂತ ಕೇಳಿ.

ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಕಲೆ ಇದೆಯಾ ನೋಡಿ. ನೆಲದ ಕಾರ್ಪೆಟ್ ಎತ್ತಿ ಮೂಸಿ. ನೆರೆ ನೀರಲ್ಲಿ ಮುಳುಗಿದ ಗಾಡಿಯ ವೈರಿಂಗ್ ಯಾವತ್ತೂ ಸರಿಯಾಗಲ್ಲ, ಅದೂ ಇಂಥ ಬ್ರಾಂಡ್‌ನಲ್ಲಿ.

ಕಾಗದದ ಕೆಲಸ

ರಾಜ್ಯದೊಳಗಿನ ವರ್ಗಾವಣೆಗೆ ಫಾರಂ 29 ಮತ್ತು 30. ಸಾಲ ತೀರಿದ್ದರೆ ಫಾರಂ 35, ಜೊತೆಗೆ ಬ್ಯಾಂಕಿನ ಪತ್ರ. ಹೊರರಾಜ್ಯದ್ದಾದರೆ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ರಸ್ತೆ ತೆರಿಗೆಯನ್ನೂ ಕಟ್ಟಬೇಕು. ದೆಹಲಿ ಕಡೆಯ ಹಳೇ ಡೀಸೆಲ್ ಗಾಡಿ ಅಗ್ಗ ಅಂತ ಕಾಣೋದು ಆ ತೆರಿಗೆ ಸೇರಿಸುವವರೆಗೆ ಮಾತ್ರ. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ಅರ್ಜಿ ಹಾಕಬೇಕು. ಇನ್ಶೂರೆನ್ಸ್‌ಗೆ 14 ದಿನದೊಳಗೆ ತಿಳಿಸಿ ನಿಮ್ಮ ಹೆಸರಿಗೆ ಮಾಡಿಸಿ. ಇಲ್ಲದಿದ್ದರೆ ನಿಮ್ಮ ಗಾಡಿ ಜಖಂ ಆದಾಗ ಕ್ಲೇಮ್ ಸಿಗದೇ ಹೋಗಬಹುದು. ಮಾರಿದವರ ನೋ ಕ್ಲೇಮ್ ಬೋನಸ್ ನಿಮಗೆ ಬರಲ್ಲ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿದ್ದಾರಾ ನೋಡಿ.

ಐದು ವರ್ಷ ದಾಟಿದ ಗಾಡಿಯ ಐಡಿವಿಯನ್ನು ನೀವೂ ವಿಮಾ ಕಂಪನಿಯೂ ಮಾತಾಡಿ ನಿಗದಿ ಮಾಡೋದು. ಪ್ರೀಮಿಯಂ ಉಳಿಸಲು ತೀರಾ ಕಡಿಮೆ ಇಡಬೇಡಿ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಗಾಡಿಯನ್ನು ಪೂರ್ತಿ ನಷ್ಟ ಅಂತ ಲೆಕ್ಕ ಹಾಕ್ತಾರೆ. ಸಾಮಾನು ದುಬಾರಿಯಾದಷ್ಟೂ ಆ ಗೆರೆ ಬೇಗ ಮುಟ್ಟುತ್ತೆ.

ಇನ್ನೊಂದು. ಬಿಳಿ ಬೋರ್ಡ್ ಕಾರು ಸರಕು ಸಾಗಿಸುವ ಗಾಡಿಯಲ್ಲ. ಸಸಿ ಟ್ರೇ, ಎರಡು ಕ್ರೇಟು ಬೇರೆ ಮಾತು. ವಾರದ ತರಕಾರಿಯನ್ನು ಇದರಲ್ಲೇ ತುಂಬಿ ಕಳಿಸ್ತೀನಿ ಅನ್ನುವ ಲೆಕ್ಕದಲ್ಲಿ ತಗೋಬೇಡಿ. ನನ್ನ ಮಾಲು ಈಗಲೂ ಪಿಕಪ್‌ನಲ್ಲೇ ಹೋಗೋದು.

ಎರಡು ವರ್ಷದ ಲೆಕ್ಕ

ತಗೊಂಡ ತಿಂಗಳೇ ಟೈಮಿಂಗ್ ಬೆಲ್ಟ್ ಕಿಟ್, ಆಯಿಲ್, ಫಿಲ್ಟರ್, ಮುಂದಿನ ಬುಷ್‌ಗಳಿಗೆ 31 ಸಾವಿರ ಖರ್ಚಾಯ್ತು. ಟೈರ್ 28 ಸಾವಿರ. ಇವು ಯಾವ ಹಳೇ ಗಾಡಿಗಾದರೂ ಬರುವ ಖರ್ಚು. ನಿಂತುಹೋದ ಬ್ರಾಂಡ್ ಅನ್ನುವ ಕಾರಣಕ್ಕೇ ಬಂದದ್ದು ಬೇರೆ: ಹೆಡ್‌ಲೈಟ್ 6,500, ಅದನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಿಬಂದದ್ದು 3 ಸಾವಿರ, ಒಂದು ಸೆನ್ಸರ್‌ಗೆ ಕಾದ ದಿನಗಳೂ ಸೇರಿ ಬಾಡಿಗೆ ಗಾಡಿಗೆ 14 ಸಾವಿರ. ಒಟ್ಟು 23,500. ಉಳಿಸಿದ 1.7 ಲಕ್ಷದಲ್ಲಿ 80 ಸಾವಿರವನ್ನು ನಾನು ಮೊದಲ ದಿನವೇ ಬೇರೆ ಖಾತೆಗೆ ಹಾಕಿ, ಗಾಡಿಗಲ್ಲದೆ ಮುಟ್ಟಬಾರದು ಅಂತ ಇಟ್ಟಿದ್ದೆ. ಈ 23,500 ಹೋಗಿದ್ದು ಅಲ್ಲಿಂದ. ಮಿಕ್ಕ 90 ಸಾವಿರ ಡ್ರಿಪ್ಪಿಗೆ ಹೋಯಿತು.

ಮಾರಿದರೆ? ನಿರೀಕ್ಷೆ ಇಟ್ಟುಕೊಳ್ಳಬೇಡಿ. ನನ್ನ ಗಾಡಿಯ ನೋಂದಣಿ 15 ವರ್ಷ, ಅಂದ್ರೆ 2033ರವರೆಗೆ. ಅಲ್ಲಿಯವರೆಗೂ ನಾನೇ ಓಡಿಸೋದು ಅಂತಲೇ ತಗೊಂಡೆ. ಮೂರು ವರ್ಷಕ್ಕೆ ಬದಲಿಸುವ ಮನಸ್ಸಿದ್ದರೆ ಈ ಗಾಡಿ ನಿಮಗಲ್ಲ. ಮನೆಯಲ್ಲಿ ಡಯಾಲಿಸಿಸ್‌ನಂಥ ತಪ್ಪಿಸಲಾಗದ ಓಡಾಟ ಇದ್ದು, ಇರೋದು ಒಂದೇ ಗಾಡಿ, ಊರಲ್ಲಿ ಬಾಡಿಗೆಗೂ ಸಿಗಲ್ಲ ಅಂದ್ರೆ ಆಗಲೂ ಬೇಡ. ಬೆಳೆ ಸಾಲದ ದುಡ್ಡು ತೆಗೆದು ಕೊಳ್ಳೋದಂತೂ ಯಾವ ಬ್ರಾಂಡ್ ಆದರೂ ಬೇಡ.

ಈ ವಾರ ನಿಮಗೆ ಒಂದೇ ಕೆಲಸ. ಗಾಡಿಯ ಫೋಟೋ ನೋಡೋದು ನಿಲ್ಲಿಸಿ, ನಿಮ್ಮ ಸುತ್ತಮುತ್ತಲಿನ ಗ್ಯಾರೇಜಿಗೆ ಹೋಗಿ ಆ ಮೂರು ಪ್ರಶ್ನೆ ಕೇಳಿ. ಉತ್ತರ ತೃಪ್ತಿಯಾದರೆ ಮಾತ್ರ ಮಾರುವವರಿಗೆ ಫೋನ್ ಮಾಡಿ. ನೋಡಲು ಹೋಗುವಾಗ ಮೆಕ್ಯಾನಿಕ್‌ನ ಜೊತೆಗೆ ಕರ್ಕೊಂಡು ಹೋಗಿ, ಅವನ ಅರ್ಧ ದಿನದ ಕೂಲಿ ಕೊಡಿ, ಅಡ್ವಾನ್ಸ್ ದುಡ್ಡು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.