ಅಂಕದಿಂದ ದರ್ಜೆಗೆ: ನಡುವಿನ ಲೆಕ್ಕ

“ಪ್ರಾಜೆಕ್ಟಿನಲ್ಲಿ 40ಕ್ಕೆ 36 ಬಂದಿದೆ, ಪರೀಕ್ಷೆಯಲ್ಲಿ ಸ್ವಲ್ಪ ಕಡಿಮೆಯಾದರೂ ಒಳ್ಳೆಯ ದರ್ಜೆ ಖಂಡಿತ” ಎಂದು ಮಕ್ಕಳು ಹೇಳುವುದನ್ನು ನೀವು ಕೇಳಿರಬಹುದು. ಈ ಲೆಕ್ಕ ಎಷ್ಟು ಸರಿ? ಇಂಗ್ಲೆಂಡಿನ ವಿದ್ಯಾರ್ಥಿಗಳು ಹದಿನಾರರ ಆಸುಪಾಸಿನಲ್ಲಿ ಬರೆಯುವ ಜಿ.ಸಿ.ಎಸ್.ಇ. ಪರೀಕ್ಷೆಯ ಸಂಖ್ಯಾಶಾಸ್ತ್ರ ವಿಷಯವನ್ನೇ ತೆಗೆದುಕೊಂಡು ನೋಡೋಣ.

ಅಲ್ಲಿ ಹಿಂದೆ ಶೇಕಡ 25 ಭಾಗ ಯೋಜನಾಕಾರ್ಯಕ್ಕೂ 75 ಭಾಗ ಲಿಖಿತ ಪರೀಕ್ಷೆಗೂ ಮೀಸಲಾಗಿತ್ತು. ವಿದ್ಯಾರ್ಥಿ ಅಂಕಿಅಂಶ ಕಲೆಹಾಕಿ, ವಿಶ್ಲೇಷಿಸಿ ವರದಿ ಬರೆಯಬೇಕಿತ್ತು. ಅಧ್ಯಾಪಕರೇ ಅಂಕ ಕೊಡುತ್ತಿದ್ದರು. ಪರೀಕ್ಷಾ ಮಂಡಳಿಯು ಕೆಲವು ವರದಿಗಳನ್ನು ತರಿಸಿಕೊಂಡು, ಅಂಕ ನೀಡಿಕೆ ಸಡಿಲವೋ ಬಿಗಿಯೋ ಎಂದು ಪರಿಶೀಲಿಸುತ್ತಿತ್ತು.

ಈಗ ಒಂದು ಕಾಲ್ಪನಿಕ ಲೆಕ್ಕ. ಯೋಜನೆಗೆ 40, ಪರೀಕ್ಷೆಗೆ 100 ಅಂಕ ಎನ್ನಿ. ಒಬ್ಬಳಿಗೆ 36 ಮತ್ತು 60 ಬಂದಿವೆ. ನೇರವಾಗಿ ಕೂಡಿದರೆ 140ಕ್ಕೆ 96, ಅಂದರೆ ಶೇಕಡ 68.6. ಆದರೆ ಹೀಗೆ ಕೂಡುವಂತಿಲ್ಲ. ಯೋಜನೆಯ 36ನ್ನು 25ಕ್ಕೆ ಇಳಿಸಿದರೆ 22.5; ಪರೀಕ್ಷೆಯ 60ನ್ನು 75ಕ್ಕೆ ಇಳಿಸಿದರೆ 45; ಒಟ್ಟು 67.5. ಯೋಜನೆಯ ಒಂದು ಅಂಕದ ಬೆಲೆ 0.625, ಪರೀಕ್ಷೆಯ ಒಂದು ಅಂಕದ ಬೆಲೆ 0.75!

ಇನ್ನೊಂದು ಸೂಕ್ಷ್ಮವಿದೆ. ತರಗತಿಯ ಎಲ್ಲರಿಗೂ ಯೋಜನೆಯಲ್ಲಿ 34ರಿಂದ 38ರೊಳಗೆ ಅಂಕ ಬಂದಿದ್ದರೆ, ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವಿನ ಅಂತರ ಬರೀ 2.5. ಪರೀಕ್ಷೆಯಲ್ಲಿ 40ರಿಂದ 80ರವರೆಗೆ ಹರಡಿದ್ದರೆ ಅಂತರ 30. ಕಾಗದದ ಮೇಲೆ ಯೋಜನೆಗೆ ಕಾಲು ಭಾಗದ ತೂಕ. ಆದರೆ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಪರೀಕ್ಷೆಯೇ.

67.5ಕ್ಕೆ ಯಾವ ದರ್ಜೆ? ಇದನ್ನು ಮೊದಲೇ ಹೇಳಲಾಗದು. ದರ್ಜೆಯ ಗಡಿಗಳನ್ನು ಉತ್ತರಪತ್ರಿಕೆಗಳ ಮೌಲ್ಯಮಾಪನದ ಬಳಿಕ ಆಯಾ ವರ್ಷವೇ ಗೊತ್ತುಪಡಿಸುತ್ತಾರೆ. ಪ್ರಶ್ನೆಪತ್ರಿಕೆ ಕಠಿಣವಾಗಿದ್ದರೆ ಗಡಿ ಕೆಳಗಿಳಿಯುತ್ತದೆ.

2017ರಲ್ಲಿ ಆರಂಭವಾಗಿ 2019ರಲ್ಲಿ ಮೊದಲ ಪರೀಕ್ಷೆ ಕಂಡ ಹೊಸ ಪಠ್ಯಕ್ರಮದಲ್ಲಿ ಯೋಜನೆಯ ಅಂಕವಿಲ್ಲ. ಎಲ್ಲವೂ ಲಿಖಿತ ಪರೀಕ್ಷೆಯೇ. ದರ್ಜೆಗಳು 9ರಿಂದ 1, 9 ಅತ್ಯುನ್ನತ.

ನಮ್ಮ ಎಸ್.ಎಸ್.ಎಲ್.ಸಿ.ಯಲ್ಲಿ ಹೆಚ್ಚಿನ ವಿಷಯಗಳಿಗೆ 80 ಅಂಕದ ಪರೀಕ್ಷೆ, 20 ಅಂಕದ ಆಂತರಿಕ ಮೌಲ್ಯಮಾಪನವಿದೆ. ಇಲ್ಲೂ ಬಹುತೇಕರಿಗೆ 20ಕ್ಕೆ 19 ಬಂದರೆ, ಆ 19 ನಿಮ್ಮ ಮಗುವಿನ ಕಲಿಕೆಯ ಬಗ್ಗೆ ಹೆಚ್ಚೇನೂ ಹೇಳದು. ಆದ್ದರಿಂದ ಅಂಕಪಟ್ಟಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ: ಎಷ್ಟಕ್ಕೆ ಎಷ್ಟು? ಅದರ ತೂಕವೆಷ್ಟು? ಉಳಿದವರ ಅಂಕ ಹೇಗೆ ಹರಡಿದೆ? ಮಗುವನ್ನು ಹೊಗಳುವುದೋ ಗದರುವುದೋ, ಆಮೇಲೆ ಯೋಚಿಸೋಣ.