ಏಲಕ್ಕಿಗೆ ಕಟ್ಟೆ ರೋಗ: ಎಲೆ ಕತ್ತರಿಸಿದರೆ ಸಾಲದು, ಬುಡವನ್ನೇ ಕೀಳಿ

ಮೂಡಿಗೆರೆ, ಕಳಸದ ಹಲವು ಮನೆಗಳಲ್ಲಿ ಹಾಲಿನ ದುಡ್ಡಿನ ಜೊತೆಗೆ ಏಲಕ್ಕಿಯೂ ಕೈಹಿಡಿಯುತ್ತದೆ. ಹುಲ್ಲು ಕೊಯ್ಯಲು ತೋಟಕ್ಕೆ ಹೋದಾಗ ಏಲಕ್ಕಿಯ ಸುಳಿ ಎಲೆಯನ್ನೊಮ್ಮೆ ನೋಡಿ. ನಡುನರದಿಂದ ಅಂಚಿನವರೆಗೆ ತಿಳಿಹಸಿರು ಗೆರೆಗಳಿದ್ದರೆ ಕಟ್ಟೆ ರೋಗವೆಂದು ಸಂಶಯಪಡಿ.

ಇದಕ್ಕೆ ಕಾರಣ ವೈರಸ್. ಗಿಡದಿಂದ ಗಿಡಕ್ಕೆ ಅದನ್ನು ಒಯ್ಯುವುದು ಗಿಡಹೇನು. ಗಿಡದೊಳಗೆ ಹರಡಲು ದಾರಿ ಮೊದಲೇ ಇದೆ. ಸಸ್ಯದ ಪ್ರತಿ ಜೀವಕೋಶಕ್ಕೂ ಗೋಡೆಯಿದೆ. ಆ ಗೋಡೆಯಲ್ಲಿ ಪಕ್ಕದ ಕೋಶಕ್ಕೆ ತೆರೆಯುವ ಕಿಂಡಿಗಳಿವೆ. ಅಕ್ಕಪಕ್ಕ ಜೋಡಿಸಿದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 20,000 ಹಿಡಿಯುವಷ್ಟು ಸಣ್ಣವು. ಎಲೆಯಲ್ಲಿ ತಯಾರಾದ ಸಕ್ಕರೆ ಇವುಗಳ ಮೂಲಕ ದಾಟಿ, ಆಹಾರನಾಳ ಸೇರಿ, ಸುಳಿಗೂ ಗೆಡ್ಡೆಗೂ ಹೋಗುತ್ತದೆ. ವೈರಸ್ ಅದೇ ಕಿಂಡಿಯನ್ನು ಹಿಗ್ಗಿಸಿಕೊಂಡು ನುಗ್ಗಿ, ಸಕ್ಕರೆಯ ಜೊತೆಗೇ ಇಡೀ ಬುಡಕ್ಕೆ ಹರಡುತ್ತದೆ.

ಆದ್ದರಿಂದ ಗೆರೆ ಬಿದ್ದ ಎಲೆಯನ್ನಷ್ಟೇ ಕತ್ತರಿಸಿದರೆ ಪ್ರಯೋಜನವಿಲ್ಲ. ವಾಸಿ ಮಾಡುವ ಔಷಧಿಯೂ ಇಲ್ಲ. ಸಂಶಯವಿದ್ದರೆ ಎಲೆಯ ಫೋಟೊ ತೆಗೆದು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ. ಕಟ್ಟೆಯೇ ಆಗಿದ್ದರೆ ಗೆಡ್ಡೆಸಮೇತ ಕಿತ್ತು ನಾಶಮಾಡಿ. ಅದರ ಕಂದನ್ನು ನೆಡಬೇಡಿ, ನೆರೆಮನೆಗೂ ಕೊಡಬೇಡಿ; ನೋಡಲು ಚೆನ್ನಾಗಿದ್ದರೂ ಒಳಗೆ ವೈರಸ್ ಇದ್ದೀತು. ಏಲಕ್ಕಿ ನಡುವಿನ ಕೆಸುವಿನಲ್ಲೂ ಗಿಡಹೇನು ಬದುಕುತ್ತದೆ, ಅದನ್ನೂ ತೆಗೆಯಿರಿ. ಪತ್ರೊಡೆಗೆ ಬೇಕಾದ ಕೆಸು ತೋಟದಿಂದ ದೂರವಿರಲಿ.

ಒಂದು ಬುಡ ಹೋದರೆ ಹೋಗಲಿ, ಉಳಿದ ತೋಟ ಉಳಿಯಲಿ.